ಹಕ್ಕಿ ಕೂತ ಹೊಲ

ನಮ್ಮ ಅಪ್ಪನ ಕೆಲಸ ಏನು ಎಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಿಲಿಟರಿಯಲ್ಲಿದ್ದಾನೆ ಎಂಬುದು ಗೊತ್ತಿತ್ತು, ದಫೇದಾರ ಎಂಬುದೂ ಗೊತ್ತಿತ್ತು. ಆದರೆ ದಫೇದಾರ ಎಂದರೆ ನಮ್ಮ ಕಡೆ ಇಂಡಿ ತಾಲೂಕಿನ ಕಚೇರಿಯಲ್ಲಿ ಕೆಂಪು ಪಟ್ಟಿ ಹಾಕಿಕೊಂಡು ಸಾಹೇಬರ ಬಾಗಿಲು ಕಾಯುವವನು. ಹಾಗಾಗಿ ಅಪ್ಪ ದೂರದ ಪಂಜಾಬಿನಲ್ಲಿ ಯಾವುದೋ ದೊಡ್ಡ ಸಾಹೇಬನ ಬಾಗಿಲಲ್ಲಿ ನಿಂತಿರುತ್ತಾನೆ ಎಂದು ಬಹಳ ಮಂದಿ ತಿಳಿದಿದ್ದರು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ಬಾಗಿಲು ಕಾಯುವವನಿಗೆ ಯಾರು ಗುಂಡು ಹೊಡೆಯುತ್ತಾರೆ ಎಂದು ಅವಳ ಸಮಾಧಾನ. ನಿಜ ಗೊತ್ತಿದ್ದದ್ದು ಅವ್ವನಿಗೆ ಮತ್ತು ನನಗೆ. ಮಿಲಿಟರಿಯ ದಫೇದಾರ ಬಾಗಿಲು ಕಾಯುವವನಲ್ಲ, ಕುದುರೆ ಪಡೆಯ ಹವಾಲ್ದಾರ. ಅಪ್ಪ ಇದ್ದ ಪಡೆಗೆ ಕುದುರೆ ಪಡೆ ಎಂದು ಹೆಸರು, ಕುದುರೆ ಒಂದೂ ಇರಲಿಲ್ಲ. ಬ್ರಿಟಿಷರ ಕಾಲದ ಹೆಸರು ಹಾಗೇ ಉಳಿದು, ಕುದುರೆಯ ಜಾಗಕ್ಕೆ ಉಕ್ಕಿನ ಟ್ಯಾಂಕುಗಳು ಬಂದಿದ್ದವು. ಆ ಟ್ಯಾಂಕುಗಳು ಹೊರಡುವ ಮೊದಲು ಕೆಲವರು ಜೀಪುಗಳಲ್ಲಿ ಮುಂದೆ ಹೋಗಿ, ಎಲ್ಲಿ ಹಳ್ಳ, ಎಲ್ಲಿ ಕೆಸರು, ಎಲ್ಲಿ ವೈರಿ ಅಡಗಿದ್ದಾನೆ ಎಂದು ನೋಡಿ ಬಂದು ಹೇಳಬೇಕು. ಅಪ್ಪ ಆ ಕೆಲವರಲ್ಲಿ ಒಬ್ಬ. ಹಾಗಾದರೆ ನೀನು ಎಲ್ಲರಿಗಿಂತ ಮುಂದೆಯಾ ಎಂದು ನಾನೊಮ್ಮೆ ಹಿಗ್ಗಿ ಕೇಳಿದಾಗ ಅವನು ನಗಲಿಲ್ಲ.

"ಮುಂದ ಯಾರರ ಹೋಗ್ತಾರ ಗಂಗೂ. ತಿರುಗಿ ಬಂದು ಖರೇ ಹೇಳೂದೈತೆಲ್ಲ, ಅದು ತ್ರಾಸಿಂದು" ಎಂದಿದ್ದ.

ಅಗರಖೇಡದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ಎತ್ತಿನ ಪಕ್ಕದಲ್ಲಿ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಜೋಳದ ಚೀಲಗಳ ಕತ್ತಲೆ ಕೋಣೆ. ಕಿಟಕಿ ಒಂದೂ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಒಂದಿಷ್ಟು ಬಿಸಿಲು ಇಳಿದು ಬೆಳಿಗ್ಗೆ ಬೀಸುಕಲ್ಲಿನ ಮೇಲೆ, ಮಧ್ಯಾಹ್ನ ಆಯಿಯ ಕೌದಿಯ ಮೇಲೆ, ಸಂಜೆಗೆ ಗೋಡೆಯ ಮೇಲೆ ಕೂತಿರುತ್ತಿತ್ತು. ಅದರ ಅಂಚಿಗೆ ಗುಬ್ಬಿಗಳು ಬರುತ್ತಿದ್ದವು. ಆ ಮನೆಯಲ್ಲಿ ಕೂತವರಿಗೆ ಹೊರಗೆ ಏನು ನಡೆಯುತ್ತಿದೆ ಎಂಬುದು ಕಿವಿಯಿಂದಲೇ ತಿಳಿಯಬೇಕು. ಕಣ್ಣಿನಿಂದ ತಿಳಿಯಬೇಕೆಂದರೆ ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋಗಬೇಕು. ಅಲ್ಲಿಂದ ಇಂಡಿಯ ದಾರಿ, ದಾರಿಯ ಬೇವಿನ ಮರ, ಅದರ ಕೆಳಗಿನ ಬಾವಿ, ಇನ್ನೊಂದು ದಿಕ್ಕಿಗೆ ಭೀಮಾ ಹೊಳೆಯ ದಂಡೆ ಎಲ್ಲ ಕಾಣುತ್ತಿತ್ತು. ನಾನು ಹೆಚ್ಚು ಹೊತ್ತು ಅಲ್ಲೇ ಇರುತ್ತಿದ್ದೆ. ಹೆಣ್ಣುಹುಡುಗಿ ಮಂಗನ ಹಾಗೆ ಮಾಳಿಗೆ ಹತ್ತುತ್ತಾಳೆ ಎಂದು ಆಯಿ ಬೈಯುತ್ತಿದ್ದಳು. ಹತ್ತಲು ಕಲಿಸಿದವನು ಅವಳ ಮಗನೇ ಎಂಬುದನ್ನು ಮರೆತು ಬೈಯುತ್ತಿದ್ದಳು.

ಅಪ್ಪ ವರ್ಷಕ್ಕೊಮ್ಮೆ ಸೂಟಿಗೆ ಬರುತ್ತಿದ್ದ. ಹಸಿರು ಟ್ರಂಕು, ಅದರ ತುಂಬ ಸಾಬೂನಿನ ವಾಸನೆ. ಒಂದು ಸಲ ಅದರೊಳಗಿಂದ ನನಗೆಂದು ಕೆಂಪು ನೂಲಿನ ಉದ್ದನೆಯ ಗೊಂಡೆ ತೆಗೆದ. ಆ ಕಡೆಯ ಹೆಣ್ಣುಮಕ್ಕಳು ಅದನ್ನು ಜಡೆಯ ಜೊತೆ ಹೆಣೆದುಕೊಳ್ಳುತ್ತಾರಂತೆ. ಕೊಟ್ಟವನು ಅಪ್ಪನ ಜೀಪು ಓಡಿಸುವ ದಿಲಬಾಗ ಸಿಂಗ, ಅವರಿಬ್ಬರ ಮಾತೆಲ್ಲ ಹಿಂದಿಯಲ್ಲಿ. ನಾನು ಅವನನ್ನು ನೋಡಿರಲಿಲ್ಲ, ಆದರೆ ಅವನು ಊಟಕ್ಕೆ ಕೂತರೆ ಎಷ್ಟು ಹಸಿಮೆಣಸಿನಕಾಯಿ ಕಡಿಯುತ್ತಾನೆ, ಜೀಪು ಕೆಸರಿನಲ್ಲಿ ಸಿಕ್ಕರೆ ಅದಕ್ಕೆ ಎಮ್ಮೆಗೆ ಬೈದ ಹಾಗೆ ಹೇಗೆ ಬೈಯುತ್ತಾನೆ ಎಂಬುದೆಲ್ಲ ನನಗೆ ಬಾಯಿಪಾಠ. ಸೂಟಿಯ ದಿನಗಳಲ್ಲಿ ಅಪ್ಪನಿಗೂ ನನಗೂ ಒಂದು ಆಟ ಇತ್ತು. ಅವನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಚಾವಡಿಯ ಮುಂದೆ ಏನಿದೆ ನೋಡಿ ಬಾ ಎಂದು ಕಳಿಸುತ್ತಿದ್ದ. ನಾನು ಓಡಿ ಹೋಗಿ ನೋಡಿ ಬಂದು ವರದಿ ಒಪ್ಪಿಸಬೇಕು. ಎಷ್ಟು ಮಂದಿ, ಎಲ್ಲಿ, ಏನು ಮಾಡುತ್ತಿದ್ದಾರೆ, ಮೂರೇ ಪ್ರಶ್ನೆ. ಅದರಲ್ಲೂ ನಾನು ಎಡವುತ್ತಿದ್ದೆ.

"ಗೌಡ್ರು ಸಿಟ್ಟಿಗೆದ್ದು ಕುಂತಾರ."

"ಸಿಟ್ಟು ಕಣ್ಣಿಗೆ ಕಾಣತೈತೇನು?"

"ಮೀಸಿ ಮ್ಯಾಲ ಕೈ ಇತ್ತು."

"ಹಂಗಾರ ಮೀಸಿ ಮ್ಯಾಲ ಕೈ ಇತ್ತು ಅಂತ ಹೇಳು. ಕಣ್ಣಿಲೆ ನೋಡಿದ್ದಷ್ಟ ಹೇಳಬೇಕು. ಅನಕೊಂಡಿದ್ದು ಹೇಳಬಾರದು."

ಅವ್ವ ಒಲೆಯ ಮುಂದಿನಿಂದಲೇ ಇದನ್ನೆಲ್ಲ ಕೇಳಿ, ತಂದೆ ಮಗಳಿಬ್ಬರೂ ಸೇರಿ ಊರಿನ ಸುದ್ದಿ ಕಳ್ಳತನ ಮಾಡುತ್ತಾರೆ ಎಂದು ಚೇಷ್ಟೆ ಮಾಡುತ್ತಿದ್ದಳು. ಆದರೆ ಆ ಮಾತು ಅವಳ ಕಿವಿಯಲ್ಲೂ ಉಳಿದಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಆಟ ಹೊಲಕ್ಕೂ ಬರುತ್ತಿತ್ತು. ಹೊಳೆಗೆ ಸಮೀಪದ ನಮ್ಮ ಕಪ್ಪುಮಣ್ಣಿನ ಎರಿ ಹೊಲದಲ್ಲಿ ಹಿಂಗಾರಿ ಜೋಳ ಆಳೆತ್ತರ ಬೆಳೆಯುತ್ತಿತ್ತು. ತೆನೆ ಹಾಲು ಹಿಡಿಯುವ ಹೊತ್ತಿಗೆ ಗುಬ್ಬಿ, ಗಿಳಿ ಮುತ್ತುತ್ತವೆ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವುದು ನಮ್ಮ ಕಡೆ ಎಲ್ಲರೂ ಚಿಕ್ಕಂದಿನಲ್ಲಿ ಮಾಡಿದ ಕೆಲಸ, ಅಪ್ಪನೂ ಮಾಡಿದ್ದ. ಬೆಳೆಯೊಳಗೆ ಯಾರಾದರೂ ಹೊಕ್ಕಿದ್ದಾರೆಯೇ, ತೆನೆ ಮುರಿಯುತ್ತಿದ್ದಾರೆಯೇ ಎಂದು ತಿಳಿಯಲು ಒಳಗೆ ಹೋಗಬೇಕಾಗಿಲ್ಲ ಎಂದು ಅವನು ನನಗೆ ಕಲಿಸಿದ. ಹಕ್ಕಿಯನ್ನು ನೋಡಬೇಕು. ಹಕ್ಕಿ ಎದ್ದು ಹಾರಾಡುತ್ತಿದ್ದರೆ ಒಳಗೆ ಮನುಷ್ಯ ಇದ್ದಾನೆ. ಹಕ್ಕಿ ತಣ್ಣಗೆ ಕೂತಿದ್ದರೆ ಯಾರೂ ಇಲ್ಲ. ಇದು ಅಪ್ಪನಿಗೆ ಅವನ ಅಪ್ಪ ಹೇಳಿಕೊಟ್ಟಿದ್ದು. ನಾನೂ ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದೆ, ಒಮ್ಮೆಯೂ ತಪ್ಪಿರಲಿಲ್ಲ.

ಅರವತ್ತೈದರ ಯುದ್ಧ ಶುರುವಾದದ್ದು ನಮಗೆ ಗೌಡರ ಮನೆಯ ರೇಡಿಯೋದಿಂದ ತಿಳಿಯಿತು. ದಿನವೂ ಸಂಜೆ ನನ್ನ ಕಾಕಾ, ಅಪ್ಪನ ತಮ್ಮ, ಅಲ್ಲಿಗೆ ಹೋಗಿ ಕೇಳಿ ಬರುತ್ತಿದ್ದ. ಬಂದು ಪಡಸಾಲೆಯ ಕಂಬಕ್ಕೆ ಒರಗಿ, ಎಲ್ಲ ಛಲೋ ಐತಂತ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋಗುತ್ತಿದ್ದ. ಅವನು ಹೇಳದೆ ಬಿಟ್ಟದ್ದು ಮರುದಿನ ಬಾವಿಯ ಹತ್ತಿರ ನೀರು ಸೇದುವವರಿಂದ ನಮಗೆ ಬರುತ್ತಿತ್ತು: ಟ್ಯಾಂಕುಗಳು ನೂರಾರು ಬಂದಿವೆಯಂತೆ, ಹೊಲಗಳಲ್ಲೇ ಕಾದಾಟವಂತೆ. ಆ ದಿನಗಳಲ್ಲಿ ನಾನು ಕಲಿತ ಹೆದರಿಕೆ ಈ ವಯಸ್ಸಿನಲ್ಲೂ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಅದಕ್ಕೆ ಒಂದು ಸದ್ದಿದೆ, ಸರಿಯಾಗಿ ಹೇಳಬೇಕೆಂದರೆ ಸದ್ದು ನಿಲ್ಲುವುದಿದೆ. ಅವ್ವ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಇಡೀ ಮನೆಗೆ ಅದರ ತಾಳ ಕೇಳುತ್ತಿತ್ತು. ಓಣಿಯಲ್ಲಿ ಸೈಕಲ್ಲಿನ ಸಪ್ಪಳವಾದರೆ ಆ ತಾಳ ನಿಲ್ಲುತ್ತಿತ್ತು. ಆಯಿಯ ಬಾಯಲ್ಲಿನ ಎಲೆ ಅಡಿಕೆ ನಿಲ್ಲುತ್ತಿತ್ತು. ಸೈಕಲ್ಲು ಮುಂದಿನ ಮನೆಗೆ ಹೋದ ಮೇಲೆ ಮತ್ತೆ ತಟತಟ ಎಂದು ರೊಟ್ಟಿ ಶುರುವಾಗುತ್ತಿತ್ತು, ಆದರೆ ನಿಂತಷ್ಟು ಹೊತ್ತಿನಲ್ಲಿ ಬಡಿಯುತ್ತಿದ್ದ ರೊಟ್ಟಿಯ ಅಂಚು ಒಣಗಿ ಸೀಳು ಬಿಟ್ಟಿರುತ್ತಿತ್ತು. ಆ ತಿಂಗಳೆಲ್ಲ ನಾವು ಸೀಳು ರೊಟ್ಟಿ ತಿಂದೆವು.

ನಮ್ಮ ಹೆದರಿಕೆಯನ್ನು ಮೊದಲು ಅರ್ಥ ಮಾಡಿಕೊಂಡವನು ಟಪಾಲಿನ ಹುಸೇನಸಾಬ. ಹೋದ ಹೋದ ಬಾಗಿಲಲ್ಲಿ ತನ್ನ ಮುಖ ನೋಡಿ ಹೆಂಗಸರು ಬಿಳಿಚಿಕೊಳ್ಳುವುದನ್ನು ಅವನು ನೋಡಿರಬೇಕು. ತಾನಾಗಿಯೇ ಒಂದು ಪದ್ಧತಿ ಮಾಡಿಕೊಂಡ. ನಮ್ಮ ಮನೆಗೆ ಕಾಗದ ಇದ್ದರೆ ಬೇವಿನ ಮರದಿಂದಲೇ ಸೈಕಲ್ಲಿನ ಗಂಟೆ ಬಿಡದೆ ಹೊಡೆಯುತ್ತ ಬರುತ್ತಿದ್ದ. ಗಂಟೆ ಕೇಳಿತೆಂದರೆ ಅಪ್ಪನ ಕೈಬರಹ ಬಂತೆಂದೇ ಅರ್ಥ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದಳು. ಗಂಟೆ ಹೊಡೆಯದೆ ಬಂದರೆ ಏನು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಗೆಲ್ಲ ಹಳ್ಳಿಗೆ ತಾರು ಬಂತೆಂದರೆ ಅದು ಸಾವಿನದೇ. ಒಳ್ಳೆಯ ಸುದ್ದಿಗೆ ಯಾರೂ ಅಷ್ಟು ಅವಸರ ಮಾಡುತ್ತಿರಲಿಲ್ಲ.

ಅಂದು ಸಾಲೆ ಇರಲಿಲ್ಲ. ಕಾಕಾ ಹೊಲಕ್ಕೆ ಹೋಗಿದ್ದ. ನಾನು ಮಾಳಿಗೆಯ ಮೇಲೆ ಹರವಿದ್ದ ಮೆಣಸಿನಕಾಯಿ ಕಾಯುತ್ತಿದ್ದೆ, ಜಡೆಗೆ ದಿಲಬಾಗನ ಕೆಂಪು ಗೊಂಡೆ ಇತ್ತು. ಇಂಡಿಯ ದಾರಿಯಲ್ಲಿ ಹುಸೇನಸಾಬ ಕಂಡ. ಸೈಕಲ್ಲು ಹತ್ತಿರಲಿಲ್ಲ, ತಳ್ಳಿಕೊಂಡು ಬರುತ್ತಿದ್ದ. ಬೇವಿನ ಮರ ಬಂತು, ಗಂಟೆ ಕೇಳಲಿಲ್ಲ. ಬಾವಿಯ ಕಟ್ಟೆಯ ಮೇಲೆ ನಮ್ಮ ಸಾಲೆಯ ಮಾಸ್ತರರು ಕೂತಿದ್ದರು. ಹುಸೇನಸಾಬ ಅವರ ಹತ್ತಿರ ನಿಂತು ಒಂದು ಕಾಗದ ಕೊಟ್ಟ. ಮಾಸ್ತರರು ಅದನ್ನು ನೋಡಿ ತಲೆಯ ಮೇಲಿನ ಟೊಪ್ಪಿಗೆ ತೆಗೆದರು. ಆಮೇಲೆ ಇಬ್ಬರೂ ತಿರುಗಿ ನಮ್ಮ ಮನೆಯ ಕಡೆ ನೋಡಿದರು. ನಾನು ಕಣ್ಣಿನಿಂದ ನೋಡಿದ್ದು ಇಷ್ಟೇ. ನಿಚ್ಚಣಿಕೆಯ ಹನ್ನೊಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಬೇರೆಯೇ ಆಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಹೇಳಿದ ಮಾತು ಇದು.

"ಅಪ್ಪ ಹ್ವಾದ. ತಾರು ಬಂದೈತಿ."

ರೊಟ್ಟಿಯ ಸದ್ದು ನಿಂತಿತು. ಆಯಿ ಎದೆ ಬಡಿದುಕೊಂಡು ಕೂಗಿದ ಕೂಗಿಗೆ ಎತ್ತುಗಳು ಹಗ್ಗ ಜಗ್ಗಿದವು. ಬೆಳಕಿಂಡಿಯಿಂದ ಆ ಕೂಗು ಹೊರಗೆ ಹೋಗಿ, ನಾಲ್ಕು ಮನೆಯ ಹೆಂಗಸರು ಮೊರ, ಕಸಬರಿಗೆ ಕೈಯಲ್ಲಿ ಹಿಡಿದವರು ಹಿಡಿದಂತೆಯೇ ಬಂದರು. ಯಾರೂ ಏನೂ ಕೇಳಲಿಲ್ಲ. ಮಿಲಿಟರಿಯವನ ಮನೆಯಲ್ಲಿ ತಾಯಿ ಎದೆ ಬಡಿದುಕೊಂಡರೆ ಕೇಳುವುದೇನಿದೆ? ಓಣಿಯ ಹಿರಿಯ ವಿಧವೆ ಸಂಗವ್ವ ಅವ್ವನನ್ನು ತೋಳು ಹಿಡಿದು ಎಬ್ಬಿಸಿ ಒಳಕಲ್ಲಿನ ಹತ್ತಿರ ಕೂರಿಸಿದಳು. ಅವಳದು ಕೆಟ್ಟ ಮನಸ್ಸಲ್ಲ, ತನಗೆ ಮಾಡಿದ್ದನ್ನೇ ಇನ್ನೊಬ್ಬಳಿಗೆ ಮಾಡುವ ಸರದಿ ಎಂದು ತಿಳಿದವಳು. ಅವ್ವನ ಎಡಗೈಯನ್ನು ಒಳಕಲ್ಲಿಗೆ ಒಮ್ಮೆ ಬಡಿದಳು. ಹಸಿರು ಬಳೆಗಳು ಒಡೆದು ಚೂರಾದವು. ಮುಂಗೈಯಿಂದ ರಕ್ತ ಬಂತು. ಹಿಟ್ಟು ಹತ್ತಿದ ಕೈಯ ಮೇಲೆ ಆ ರಕ್ತ ನೋಡಿ ನಾನು ಕಂಬವನ್ನು ತಬ್ಬಿಕೊಂಡೆ. ಸಂಗವ್ವ ಬಲಗೈ ಹಿಡಿಯುವಾಗ ಅವ್ವ ಅದನ್ನು ಸೀರೆಯ ಒಳಗೆ ಎಳೆದುಕೊಂಡಳು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಗಂಗೂ, ಇಲ್ಲಿ ಬಾ. ತಾರು ಓದಿದ್ದು ಕೇಳಿದೇನು?"

"ಇಲ್ಲ."

"ಮತ್ತ ಕಣ್ಣಿಲೆ ಏನ್ ನೋಡಿದಿ, ಅಷ್ಟ ಹೇಳು."

ಹೇಳಿದೆ. ಸೈಕಲ್ಲು ತಳ್ಳಿಕೊಂಡು ಬಂದದ್ದು, ಗಂಟೆ ಹೊಡೆಯದ್ದು, ಟೊಪ್ಪಿಗೆ ತೆಗೆದದ್ದು, ಇಬ್ಬರೂ ತಿರುಗಿ ನೋಡಿದ್ದು. ಹೇಳುತ್ತ ಹೇಳುತ್ತ ನನ್ನ ವರದಿಯಲ್ಲಿ ಅಪ್ಪನ ಸಾವು ಎಲ್ಲೂ ಇಲ್ಲ ಎಂಬುದು ನನಗೇ ಕಾಣತೊಡಗಿತು. ಹೆಂಗಸರ ಅಳು ಸಣ್ಣದಾಯಿತು. ಸಂಗವ್ವ ಅವ್ವನ ತೋಳು ಬಿಟ್ಟು ಹಿಂದೆ ಸರಿದಳು. ಅಷ್ಟರಲ್ಲಿ ಹುಸೇನಸಾಬ ಮತ್ತು ಮಾಸ್ತರರು ಬಾಗಿಲಿಗೆ ಬಂದರು. ತಾರು ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಏನಿದೆ ಎಂದು ತಿಳಿಯದೆ ನಮ್ಮ ಬಾಗಿಲಿಗೆ ಬರುವ ಧೈರ್ಯವಾಗದೆ ಹುಸೇನಸಾಬ ಅದನ್ನು ಮೊದಲು ಮಾಸ್ತರರಿಂದ ಓದಿಸಿದ್ದ. ದಫೇದಾರನ ಎಡಗೈಗೆ ಗಾಯವಾಗಿದೆ, ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ಅಪಾಯವಿಲ್ಲ ಎಂದು ಮಾಸ್ತರರು ಎರಡು ಸಲ ಹೇಳಿದರು. ಹುಸೇನಸಾಬ ಒಳಕಲ್ಲಿನ ಸುತ್ತಲಿನ ಬಳೆಯ ಚೂರುಗಳನ್ನೂ ಅವ್ವನ ಕೈಯನ್ನೂ ನೋಡಿ ಬಾಗಿಲಲ್ಲೇ ಕುಸಿದು ಕೂತ.

"ಇದು ಸುಖದ ಕಾಗದ ಅಲ್ಲ, ಸಾವೂ ಅಲ್ಲ. ಗಂಟಿ ಹೊಡೀಬೇಕೋ ಬ್ಯಾಡೋ ನನಗ ತಿಳೀಲಿಲ್ಲ ತಂಗಿ" ಎಂದ.

ಮಾಸ್ತರರು ಟೊಪ್ಪಿಗೆ ತೆಗೆದದ್ದು ಬೆವರು ಒರೆಸಿಕೊಳ್ಳಲು.

ಅಪ್ಪ ಬದುಕಿದ್ದಾನೆ ಎಂದು ಗೊತ್ತಾದ ಮನೆಯಲ್ಲಿ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಗಂಡ ಜೀವಂತ ಇರುವವಳ ಬಳೆ ಒಳಕಲ್ಲಿಗೆ ಒಡೆದಾಗಿತ್ತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಆಯಿ ಅವ್ವನ ಕೈಗೆ ಅರಿಷಿಣದ ದಾರ ಕಟ್ಟಿದಳು, ಹನುಮಪ್ಪನಿಗೆ ಎಣ್ಣೆ ಹಾಕಿಸಿದಳು, ದರ್ಗಾಕ್ಕೆ ಸಕ್ಕರೆ ಒಯ್ದು ಫಾತೆಹಾ ಓದಿಸಿದಳು. ಬಳೆಗಾರ ಬಂದ ದಿನ ಎಡಗೈಗೆ ಹೊಸ ಬಳೆ ತೊಡಿಸಿದರು, ಅವು ಬಲಗೈಯ ಹಳೆಯ ಬಳೆಗಳಿಗಿಂತ ಒಂದು ಛಾಯೆ ತಿಳಿಯಾಗಿದ್ದವು. ಊಟಕ್ಕೆ ಬಡಿಸುವಾಗಲೆಲ್ಲ ಆ ವ್ಯತ್ಯಾಸ ನನ್ನ ತಾಟಿನ ಮೇಲೆಯೇ ಬರುತ್ತಿತ್ತು. ಆಯಿ ನನ್ನ ಜೊತೆ ಮಾತು ಬಿಟ್ಟಳು. ನನ್ನ ಬಾಯಿಂದ ಬಂದದ್ದು ಇಂದಲ್ಲ ನಾಳೆ ನಿಜವಾಗುತ್ತದೆ ಎಂದು ಅವಳು ನೆರೆಯವರ ಮುಂದೆ ಅನ್ನುವುದು ನನಗೆ ಕೇಳಿಸಿತು. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಯುದ್ಧ ನಿಂತಿತು ಎಂದು ರೇಡಿಯೋ ಹೇಳಿದರೂ ನಂಬಲಿಲ್ಲ. ಅಪ್ಪನ ಕಾಗದ ಬಂದರೂ, ಇದನ್ನು ಬರೆದ ಮೇಲೆ ಏನಾಗಿದೆಯೋ ಎಂದು ಹೆದರುತ್ತಿದ್ದೆ. ಒಳಗೊಳಗೆ ಇನ್ನೊಂದು ಹೆದರಿಕೆ, ಹೇಳಲು ನಾಚಿಕೆಯಾಗುತ್ತದೆ: ಅಪ್ಪ ಬಂದರೆ ಇದು ಅವನಿಗೆ ಗೊತ್ತಾಗುತ್ತದಲ್ಲ ಎಂದು. ಅವನು ಬರಲಿ ಎಂದು ದೇವರಿಗೆ ಬೇಡಿಕೊಳ್ಳುವವಳೂ ನಾನೇ, ತಡವಾಗಿ ಬರಲಿ ಎಂದು ಅದರ ಹಿಂದೆಯೇ ಸೇರಿಸುವವಳೂ ನಾನೇ.

ಜೋಳ ತೆನೆ ಹಾಕುವ ಕಾಲಕ್ಕೆ ಅಪ್ಪ ಬಂದ. ಕಾಕಾ ಗಾಡಿ ಕಟ್ಟಿಕೊಂಡು ಹೋಗಿ ಝಳಕಿಯಲ್ಲಿ ಬಸ್ಸಿಗೆ ಕಾದು ಕರೆತಂದ. ಎಡಗೈಯ ಎರಡು ಬೆರಳು ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಇಲ್ಲದ್ದು ಅವನ ಮಾತು. ಬಂದವರಿಗೆಲ್ಲ ಹೂಂ ಎನ್ನುತ್ತಿದ್ದ. ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ತಲಬಾಗಿಲಿನ ಕಡೆ ಮುಖ ಮಾಡಿ ಕೂರುತ್ತಿದ್ದ. ಚಾವಡಿಗೆ ಹೋಗಿ ನೋಡಿ ಬಾ ಎಂದು ಒಮ್ಮೆಯೂ ಕಳಿಸಲಿಲ್ಲ. ಅವನ ಮನಸ್ಸು ತಿರುಗಲಿ ಎಂದು ನಾನು ಒಂದು ದಿನ ಜಡೆಗೆ ಕೆಂಪು ಗೊಂಡೆ ಹೆಣೆದುಕೊಂಡು ಅವನ ಮುಂದೆ ಸುಳಿದಾಡಿ, ದಿಲಬಾಗ ಕಾಕಾ ಹೇಗಿದ್ದಾನೆ ಎಂದು ಕೇಳಿದೆ. ಅಪ್ಪ ಉಣ್ಣುವ ತಾಟು ಬಿಟ್ಟೆದ್ದು ಎತ್ತುಗಳ ಹತ್ತಿರ ಹೋಗಿ ನಿಂತ. ಅವ್ವ ಸುಮ್ಮನೆ ನನ್ನ ಜಡೆ ಬಿಚ್ಚಿ ಗೊಂಡೆ ತೆಗೆದು ಟ್ರಂಕಿನಲ್ಲಿಟ್ಟಳು.

ಇನ್ನೂ ಹೆದರಿಸಿದ್ದು ಗುಬ್ಬಿಗಳ ವಿಷಯ. ಬೆಳಕಿಂಡಿಯ ಅಂಚಿಗೆ ಗುಬ್ಬಿ ಬಂದು ಕೂತರೆ ಅಪ್ಪ ಎದ್ದು ಕೈಗೆ ಸಿಕ್ಕದ್ದನ್ನು ಎಸೆದು ಓಡಿಸುತ್ತಿದ್ದ. ಚಿಲಿಪಿಲಿ ಎಂದು ಹಾರಾಡುವಾಗ ಏನೂ ಇಲ್ಲ, ತೆಪ್ಪಗೆ ಕೂತರೆ ಅವನ ಮೈ ಬಿಗಿಯುತ್ತಿತ್ತು. ಒಮ್ಮೆ ಚಹಾದ ಬಟ್ಟಲನ್ನೇ ಎಸೆದ. ಅದು ಗೋಡೆಗೆ ಬಡಿದು ಬೀಸುಕಲ್ಲಿನ ಮೇಲೆ ಬಿತ್ತು. ನಮಗೆ ಬಾಗಿಲು ಒಂದೇ, ಅದರ ಮುಂದೆ ಅಪ್ಪ. ಆ ದಿನಗಳಲ್ಲಿ ನಾನು ನನ್ನ ಸ್ವಂತ ಅಪ್ಪನನ್ನು ದಾಟಿ ಹೊರಗೆ ಹೋಗಲು ಹೆದರುತ್ತಿದ್ದೆ. ಕಾಕಾ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ. ಆಯಿ ತಾಯತ ತಂದು ಮಗನ ದಿಂಬಿನ ಕೆಳಗಿಟ್ಟು, ನನ್ನ ಕಡೆ ಒಂದು ನೋಟ ನೋಡುತ್ತಿದ್ದಳು. ಸತ್ತ ಅಂದೆಯಲ್ಲ, ನೋಡು, ಅರ್ಧ ಸತ್ತೇ ಬಂದಿದ್ದಾನೆ ಎಂದು ಆ ನೋಟದ ಅರ್ಥ. ಅವಳು ಬಾಯಿ ಬಿಟ್ಟು ಹೇಳಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಯಾರ ಮನೆಯಲ್ಲೂ ಒಲೆಯ ಮುಂದೆ ಉಣ್ಣುವುದಿಲ್ಲ, ಎಲ್ಲರೂ ಹೊಲಕ್ಕೇ. ಅವ್ವ ನಸುಕಿನಲ್ಲೆದ್ದು ಸಜ್ಜೆಯ ರೊಟ್ಟಿ, ಸಜ್ಜೆಯ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ ಬದನೆಕಾಯಿ ಮಾಡಿ ಬುಟ್ಟಿ ಕಟ್ಟಿದಳು. ಗಾಡಿಯಲ್ಲಿ ಅಪ್ಪನ ಎದುರು ನಾನು ಕೂತಿದ್ದೆ, ಅವನು ಎರಡೂ ಬದಿಯ ಹೊಲಗಳನ್ನು ನೋಡುತ್ತ ಬಂದ. ಬನ್ನಿ ಗಿಡದ ಕೆಳಗೆ ಐದು ಕಲ್ಲು ಹೂಡಿ, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ ಎಡೆ ಹಿಡಿದದ್ದಾಯಿತು. ಆಮೇಲೆ ಚರಗ. ಎಡೆಯ ರೊಟ್ಟಿ, ಕಡುಬು, ಪಲ್ಯ ಎಲ್ಲ ತುಂಬಿದ ಬುಟ್ಟಿ ಹಿಡಿದು ಮನೆಯ ಹಿರಿಯ ಗಂಡಸು ಬೆಳೆಯೊಳಗೆ ಹೋಗಿ, ಈ ಬದುವಿನಿಂದ ಆ ಬದುವಿನ ತನಕ ಭೂಮಿತಾಯಿಗೆ ಚೆಲ್ಲುತ್ತ ನಡೆಯಬೇಕು, ಹಿಂದೆ ಇನ್ನೊಬ್ಬರು ಚರಿಗೆಯಿಂದ ನೀರು ಹನಿಸುತ್ತ ಹೋಗಬೇಕು. ಅರ್ಧಕ್ಕೆ ಬಿಟ್ಟು ಬರುವಂತಿಲ್ಲ. ಅಪ್ಪ ಇಲ್ಲದ ವರ್ಷಗಳಲ್ಲಿ ಕಾಕಾ ಚೆಲ್ಲುತ್ತಿದ್ದ. ಈ ವರ್ಷ ಅಣ್ಣನೇ ಚೆಲ್ಲಲಿ ಎಂದು ಬುಟ್ಟಿಯನ್ನು ಅವನ ಕೈಗೆ ಕೊಟ್ಟ.

ಅಪ್ಪ ಜೋಳದ ಅಂಚಿನ ತನಕ ಹೋಗಿ ನಿಂತುಬಿಟ್ಟ. ಬೆಳೆ ಅವನ ತಲೆಗಿಂತ ಎತ್ತರ ಇತ್ತು. ಗಾಳಿ ಇರಲಿಲ್ಲ. ಎಳೆಯ ತೆನೆಗಳ ಮೇಲೆ ಗುಬ್ಬಿಗಳು ತಣ್ಣಗೆ ಕೂತಿದ್ದವು. ಅಪ್ಪನ ಕೈಯ ಬುಟ್ಟಿ ವಾಲಿತು, ಒಂದು ಕಡುಬು ಉರುಳಿ ಎರಿಮಣ್ಣಿನಲ್ಲಿ ಬಿತ್ತು. ಕಾಕಾ ಕರೆದ, ಅವ್ವ ಕರೆದಳು, ಅವನು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಚರಗಕ್ಕೆ ಅಡ್ಡಿಯಾದರೆ ಆಯಿ ತಡೆದುಕೊಂಡಾಳೆಯೇ? ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡದ್ದು ಹೊರಗೆ ಬಂತು.

"ಈ ಹುಡುಗಿ ಬಾಯಿಂದ ಆತಿದು. ಅಪ್ಪ ಹ್ವಾದ ಅಂತ ಒದರಿ ತಾಯಿ ಬಳಿ ಒಡಿಸಿದಳು. ಅವತ್ತ ಹತ್ತೈತಿ ನನ್ನ ಮಗಗ ಇದು."

ಅಪ್ಪ ತಿರುಗಿದ. ಮೊದಲು ಅವ್ವನ ಕೈ ನೋಡಿದ, ಎರಡು ಬಣ್ಣದ ಹಸಿರು ಅವನಿಗೆ ಆಗ ಕಂಡಿರಬೇಕು. ಆಮೇಲೆ ನನ್ನ ಕಡೆ ನೋಡಿದ. ಏನಾಯಿತು ಹೇಳು ಎಂದ. ನಾನು ನಿಂತಲ್ಲೇ ಎಲ್ಲ ಹೇಳಿದೆ: ಟೊಪ್ಪಿಗೆ ನೋಡಿದ್ದು, ಸಾವು ಅಂದುಕೊಂಡದ್ದು, ಅಂದುಕೊಂಡದ್ದನ್ನೇ ಹೇಳಿದ್ದು. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ. ಅವನ ದನಿ ಕೇಳಿಸಿತು, ಸೂಟಿಯ ದಿನಗಳ ದನಿ.

"ಒಳಗ ಹೋಗಿ ನೋಡಿ ಬಾ ಗಂಗೂ. ಆ ಬದುವಿನ ತನಕ."

ಅವ್ವ ತಡೆಯಲಿಲ್ಲ. ನಾನು ಹೊಕ್ಕೆ. ಹತ್ತು ಹೆಜ್ಜೆಗೆ ಹಿಂದಿನವರು ಕಾಣದಾದರು. ಗರಿಗಳು ಮುಖ ಕೆರೆಯುತ್ತಿದ್ದವು, ಕಾಲ ಕೆಳಗೆ ಎರಿ ಬಿರುಕು ಬಿಟ್ಟಿತ್ತು. ಅಲ್ಲೇ ಆಡಿ ಬೆಳೆದವಳು ನಾನು, ಆ ಹೊಲದಲ್ಲಿ ನನಗೆ ಗೊತ್ತಿಲ್ಲದ ಗೇಣು ಇರಲಿಲ್ಲ. ಆದರೂ ಅಂದು ಪ್ರತಿ ಸಾಲಿನ ಹಿಂದೆ ಯಾರೋ ಉಸಿರು ಹಿಡಿದು ಕೂತಂತೆ ಅನ್ನಿಸುತ್ತಿತ್ತು. ಅಪ್ಪನಿಗೆ ಕಂಡದ್ದು ನನಗೂ ಕಾಣತೊಡಗಿತ್ತು ಎನ್ನಲೇ, ಅದೂ ಅಂದುಕೊಳ್ಳುವುದೇ ಆಗುತ್ತದೆ. ನಡುವೆ ಅಟ್ಟಣಿಗೆ ಇತ್ತು. ಅದರ ಕೆಳಗೆ ನಿಂತಾಗ ಮುಂದೆ ಎಲ್ಲೋ ಸರಕ್ಕೆಂದು ಸದ್ದಾಯಿತು. ಹಲ್ಲಿಯೋ ಇಲಿಯೋ ಇರಬೇಕು. ನನ್ನ ಕಾಲು ಅಲ್ಲಿಂದ ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು, ಆ ಬದುವಿನ ತನಕ ಹೋಗಿ ಬರುವಷ್ಟು ಹೊತ್ತಾದ ಮೇಲೆ ತಿರುಗಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಯಾರೂ ಇಲ್ಲ ಎಂಬ ಮಾತು ಬಾಯಲ್ಲಿ ತಯಾರಾಗಿತ್ತು. ಹೊರಗೆ ಬಂದು ಅಪ್ಪನ ಮುಖ ನೋಡಿದಾಗ ಅದು ಹೊರಡಲಿಲ್ಲ.

"ಅಟ್ಟಣಿಗಿ ತನಕ ಹೋಗಿದ್ನಿ ಅಪ್ಪಾ. ಮುಂದ ಅಂಜಿಕಿ ಬಂತು. ಆ ಕಡಿ ಏನೈತಿ ನಾ ನೋಡಿಲ್ಲ."

ಅಪ್ಪ ಬುಟ್ಟಿಯನ್ನು ಕೆಳಗಿಟ್ಟು ಬದುವಿನ ಮೇಲೆ ಕೂತ. ಉಳಿದ ಮೂರು ಬೆರಳಿನಿಂದ ಮುಖ ಒರೆಸಿಕೊಂಡ.

"ನಾನೂ ಇಷ್ಟ ಹೇಳಬೇಕಾಗಿತ್ತು" ಎಂದ.

ಆಮೇಲೆ ಹೇಳಿದ, ನಮಗೆಲ್ಲ ಸೇರಿ, ನೆಲ ನೋಡುತ್ತ. ಪಂಜಾಬಿನಲ್ಲಿ ಒಂದು ಕಬ್ಬಿನ ಹೊಲವಂತೆ. ಒಳಗೆ ವೈರಿ ಇದ್ದಾನೆಯೇ ನೋಡಿ ಬಾ ಎಂದು ಅವನನ್ನು ಕಳಿಸಿದರಂತೆ. ದಿಲಬಾಗ ಜೀಪಿನಲ್ಲಿ ಕೂತಿದ್ದ. ಅಪ್ಪ ಅಂಚಿನ ತನಕ ಹೋದ. ಒಳಗೆ ಹೋಗಲು ಹೆದರಿಕೆಯಾಯಿತು. ಕಬ್ಬಿನ ಗರಿಗಳ ಮೇಲೆ ಹಕ್ಕಿಗಳು ತಣ್ಣಗೆ ಕೂತಿದ್ದವು. ನಮ್ಮ ಜೋಳದ ಹೊಲ ನೆನಪಾಯಿತು. ತಿರುಗಿ ಬಂದು, ನೋಡಿದೆ, ಯಾರೂ ಇಲ್ಲ ಎಂದು ಹೇಳಿದ. ಬೆಳೆಗೆ ಕಳ್ಳರು ಬಂದರೆ ಆಗಷ್ಟೇ ಬಂದಿರುತ್ತಾರೆ, ಹಕ್ಕಿ ಏಳುತ್ತದೆ. ಆ ಕಬ್ಬಿನಲ್ಲಿ ವೈರಿಯ ಟ್ಯಾಂಕುಗಳು ಮುಂಜಾನೆಯಿಂದ ಇಂಜಿನು ಬಂದ್ ಮಾಡಿಕೊಂಡು ಕೂತಿದ್ದವು. ಹಕ್ಕಿಗಳಿಗೆ ರೂಢಿಯಾಗಿತ್ತು. ಅಪ್ಪನ ಮಾತು ನಂಬಿ ಮೊದಲು ಮುಂದೆ ಹೋದದ್ದು ಅಪ್ಪನದೇ ಜೀಪು. ದಿಲಬಾಗ ಹೊರಗೆ ಬರಲಿಲ್ಲ. ಅಪ್ಪ ಎರಡು ಬೆರಳು ಕಳೆದುಕೊಂಡು ಹೊರಗೆ ಬಂದ.

ಕಾಕಾ ತಲೆ ಮೇಲಿನ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಆಮೇಲೆ ಆ ಸೆರಗಿನಿಂದಲೇ ನನ್ನ ಮುಖದ ಕೆರೆತದ ರಕ್ತ ಒರೆಸಿದಳು. ತಾರು ಬಂದ ದಿನದಿಂದ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಅವ್ವ ಮಣ್ಣಿಗೆ ಬಿದ್ದ ಕಡುಬನ್ನು ಎತ್ತಿ, ಭೂಮಿತಾಯಿಯದೇ ಅಲ್ಲವೇ ಎಂದು ಬುಟ್ಟಿಗೇ ಹಾಕಿದಳು. ಅಪ್ಪ ಎದ್ದ. ಬುಟ್ಟಿಯನ್ನು ಗಾಯದ ಕೈಗೆ ಆನಿಸಿ ಹಿಡಿದ. ಕಾಕಾ ಚರಿಗೆ ಹಿಡಿದು ಹಿಂದೆ ಹೊರಟಾಗ ಬೇಡ ಎಂದು ನನ್ನ ಕಡೆ ನೋಡಿದ.

"ಉಳಿದ ಅರ್ಧ ನೋಡಿ ಬರೂಣ ಬಾ."

ಹೋದೆವು. ಅವನು ಮುಂದೆ ಚೆಲ್ಲುತ್ತ, ನಾನು ಹಿಂದೆ ನೀರು ಹನಿಸುತ್ತ. ಅಟ್ಟಣಿಗೆ ದಾಟುವಾಗ ಅಪ್ಪ ಒಮ್ಮೆ ನಿಂತ, ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಅದರ ತುದಿ ಹಿಡಿದುಕೊಂಡೆ. ಅವನಿಗೆ ಧೈರ್ಯ ಕೊಡಲು ಎಂದು ಈಗ ಬರೆದರೆ ಸುಳ್ಳಾಗುತ್ತದೆ, ನನಗೇ ಹೆದರಿಕೆಯಾಗಿತ್ತು. ನಾವು ಹೋದ ಹೋದಲ್ಲಿ ಗುಬ್ಬಿಗಳು ಭರ್‍ರೆಂದು ಏಳುತ್ತಿದ್ದವು. ಕೊನೆಗೆ ಬೆಳೆ ಮುಗಿದು, ಬದು ಬಂದು, ಅದರಾಚೆ ಭೀಮೆಯ ನೀರು ಕಂಡಿತು. ಅಪ್ಪ ಬದುವಿನ ಮೇಲೆ ಹತ್ತಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಹಿಂದೆ ಕಾಯುತ್ತಿದ್ದವರಿಗೆ ಕೇಳುವಂತೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ಕಡೀ ಬದುವಿನ ತನಕ ನೋಡೇವಿ. ಯಾರೂ ಇಲ್ಲ."

ಅತ್ತ ಕಡೆಯಿಂದ ಕಾಕಾ ಓಗೊಟ್ಟ. ಅಪ್ಪ ಇಳಿಯಲಿಲ್ಲ. ಹೊಳೆಯ ಕಡೆ ತಿರುಗಿ, ಅದೇ ಮಾತನ್ನು ಹಿಂದಿಯಲ್ಲಿ ಇನ್ನೊಮ್ಮೆ ಕೂಗಿ ಹೇಳಿದ. ನಮ್ಮ ಹೊಲದಲ್ಲಿ ಅಂದು ಹಿಂದಿ ತಿಳಿಯುವವರು ಯಾರೂ ಇರಲಿಲ್ಲ.